ನಾಲ್ಕು ಜನರ ಮೆಚ್ಚುಗೆ, ಒಬ್ಬನ ಒಪ್ಪಿಗೆ
(ಬಾನುಲಿ ಭಾಷಣ)



"ನಾಲ್ಕು ಜನ ಏನಂದ್ಕೊತಾರೆ?" ಈ ಮಾತು ಕೇಳಿಬರದ ಮನೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಹೊಳಲ್ಕೆರೆ ಕಡೆಯ ಒಬ್ಬ ರೈತ ಮಗಳ ಮದುವೆಯನ್ನು ಮನೆ ಮುಂದೆ ಚಪ್ಪರ ಹಾಕಿ ಮುಗಿಸೋಣ ಅಂದುಕೊಂಡಿರುತ್ತಾನೆ. ಅಡಿಕೆಗೆ ಆ ವರ್ಷ ರೇಟಿಲ್ಲ, ಕೊಳವೆಬಾವಿಯ ಸಾಲ ಇನ್ನೂ ತೀರಿಲ್ಲ. ಆದರೆ ಬೀಗರು ಏನಂದಾರು, ದಾಯಾದಿಗಳು ಏನಂದಾರು ಎಂಬ ಯೋಚನೆ ಹೊಕ್ಕಿದ್ದೇ ತಡ, ಕಲ್ಯಾಣ ಮಂಟಪ ಗೊತ್ತಾಗುತ್ತದೆ, ಒಂದು ಸಿಹಿ ಮೂರಾಗುತ್ತದೆ, ಬಡ್ಡಿಗೆ ಇನ್ನೊಂದಿಷ್ಟು ಹಣ ಬರುತ್ತದೆ. ಬಂದವರು ಉಂಡು, ಕೈತೊಳೆದು, ಎಲೆ ಅಡಿಕೆ ಹಾಕಿಕೊಂಡು, "ಸಾರು ಸಪ್ಪೆಯಾಗಿತ್ತು" ಎಂದು ಬಸ್ಸು ಹತ್ತುತ್ತಾರೆ. ಬಡ್ಡಿ ಕಟ್ಟುವಾಗ ಆ ನಾಲ್ಕು ಜನರಲ್ಲಿ ಒಬ್ಬರೂ ಇರುವುದಿಲ್ಲ.

ಹಿರಿಯೂರಿನಲ್ಲಿ ಡಿಗ್ರಿ ಓದುತ್ತಿರುವ ಹುಡುಗಿಯೊಬ್ಬಳು ಹೊಸ ಸೀರೆ ಉಟ್ಟ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾಳೆ. ಆಮೇಲೆ ಪುಸ್ತಕ ತೆರೆದಿದ್ದರೂ ಕಣ್ಣು ಮೊಬೈಲಿನ ಮೇಲೆ. ಯಾರ್ಯಾರು ನೋಡಿದರು? ನೋಡಿಯೂ ಯಾರು ಸುಮ್ಮನಾದರು? ಮೂವತ್ತು ಮಂದಿ ಚೆನ್ನಾಗಿದೆ ಅಂದರೂ ಏನೂ ಹೇಳದ ಒಬ್ಬ ಗೆಳತಿಯ ಮೌನವೇ ರಾತ್ರಿಯ ನಿದ್ದೆ ಕೆಡಿಸುತ್ತದೆ. ಹೊಸದುರ್ಗದ ರಸ್ತೆಬದಿಯಲ್ಲಿ ಮುಖಂಡರೊಬ್ಬರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟುತ್ತಾರೆ. ಶುಭ ಕೋರುವವರ ಸಾಲಿನಲ್ಲಿ ತನ್ನ ಮುಖ ಕೊನೆಗೆ ಬಿತ್ತೆಂದು ಒಬ್ಬ ಮುನಿಸಿಕೊಂಡು ಊಟ ಬಿಡುತ್ತಾನೆ. ಓದಿದವರು ಓದದವರು, ಹಳ್ಳಿಯವರು ಪೇಟೆಯವರು ಎಂಬ ಭೇದವಿಲ್ಲದೆ ಈ ಹಸಿವು ಎಲ್ಲರನ್ನೂ ಕಾಡುತ್ತದೆ.

ಇದರಲ್ಲಿ ನಾಚುವಂಥದ್ದೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಎಳೆಯ ಮಗು ಮೊದಲ ಹೆಜ್ಜೆ ಇಟ್ಟು ಅಮ್ಮನ ಮುಖ ನೋಡುತ್ತದೆ. ಆ ಮುಖ ಅರಳಿದರೆ ಎರಡನೆಯ ಹೆಜ್ಜೆ ಇಡುತ್ತದೆ. ಮೇಷ್ಟ್ರ ಒಂದು "ಭೇಷ್" ಎಷ್ಟೋ ಮಕ್ಕಳನ್ನು ದಡ ಮುಟ್ಟಿಸಿದೆ. ಒಬ್ಬರ ಕಣ್ಣಲ್ಲಿ ನಾವು ಬೆಲೆಯುಳ್ಳವರಾಗಬೇಕು ಎಂಬುದು ಮನುಷ್ಯ ಸಹಜವಾದ ಆಸೆ. "ನನಗೆ ಯಾರ ಮೆಚ್ಚುಗೆಯೂ ಬೇಕಿಲ್ಲ" ಎಂದು ಎದೆ ತಟ್ಟಿ ಹೇಳುವವನೂ ಆ ಮಾತಿಗೆ ನಾಲ್ಕು ಜನ ತಲೆದೂಗಲಿ ಎಂದೇ ಹೇಳಿರುತ್ತಾನೆ. ತೊಂದರೆ ಇರುವುದು ಬೇರೆ ಕಡೆ. ಜನರ ಮೆಚ್ಚುಗೆಯನ್ನು ನೆಚ್ಚಿಕೊಂಡವನು ಅದನ್ನು ದಿನವೂ ಹೊಸದಾಗಿ ಸಂಪಾದಿಸಬೇಕು. ನಿನ್ನೆಯ ಹೊಗಳಿಕೆ ಇವತ್ತಿಗೆ ಬರುವುದಿಲ್ಲ. ಕೊಡುವವರೂ ನಮ್ಮಂತೆಯೇ ಬೇರೆ ಯಾರದೋ ಮುಖ ನೋಡುತ್ತಿರುವವರು.

ಹಾಗಾದರೆ ನಿಲ್ಲುವ ನೆಲ ಎಲ್ಲಿದೆ? ನಾನು ಕ್ರೈಸ್ತ ಮನೆತನದಲ್ಲಿ ಬೆಳೆದವನು. ಆ ನಂಬಿಕೆ ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಬೇರೆ ಧರ್ಮದ ಶ್ರೋತೃಗಳಿಗೂ ಇದು ಪರಕೀಯ ಅನ್ನಿಸಲಾರದು. ಸ್ತುತಿ ನಿಂದೆಗಳ ನಡುವೆ ಬದುಕುವುದು ಹೇಗೆಂದು ಅಕ್ಕಮಹಾದೇವಿ ಹೇಳಿದ ವಚನ ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿರುವ ನಾಡು ಇದು.

ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಒಂದು ಕ್ರಮವಿದೆ. ಯೇಸುಸ್ವಾಮಿ ಯೊರ್ದನ್ ನದಿಗೆ ಬಂದು ಯೋಹಾನನೆಂಬ ಪ್ರವಾದಿಯ ಕೈಯಿಂದ ದೀಕ್ಷಾಸ್ನಾನ ಪಡೆಯುತ್ತಾರೆ. ಆಗ, ಇವನು ನನ್ನ ಪ್ರಿಯ ಮಗ, ಇವನನ್ನು ಮೆಚ್ಚಿದ್ದೇನೆ ಎಂಬ ಅರ್ಥದ ವಾಣಿ ಆಕಾಶದಿಂದ ಕೇಳಿಬರುತ್ತದೆ. ಇದು ಯಾವಾಗ ನಡೆದದ್ದು ಎಂಬುದನ್ನು ಗಮನಿಸಿ. ಅಷ್ಟು ಹೊತ್ತಿಗೆ ಅವರು ಒಬ್ಬ ರೋಗಿಯನ್ನೂ ಗುಣಪಡಿಸಿಲ್ಲ, ಬೆಟ್ಟದ ಮೇಲಿನ ಬೋಧನೆ ಮಾಡಿಲ್ಲ, ಐದು ಸಾವಿರ ಜನಕ್ಕೆ ರೊಟ್ಟಿ ಹಂಚಿಲ್ಲ. ನಜರೇತಿನಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದ ಮನುಷ್ಯ. ಕೆಲಸಕ್ಕೆ ಮೊದಲೇ ಮೆಚ್ಚುಗೆ ಬಂದಿದೆ. ನಮ್ಮ ಲೋಕದಲ್ಲಿ ಮೊದಲು ಸಾಧನೆ, ಆಮೇಲೆ ಸನ್ಮಾನ. ಅಲ್ಲಿ ಮೊದಲು ಒಪ್ಪಿಗೆ, ಅದರ ಬಲದಿಂದ ಕೆಲಸ. ಕ್ರೈಸ್ತ ಧರ್ಮ ಕೃಪೆ ಎನ್ನುವುದು ಈ ಕ್ರಮವನ್ನೇ.

ಅದಾದ ಕೂಡಲೇ ಅರಣ್ಯದಲ್ಲಿ ಶೋಧನೆಯ ಪ್ರಸಂಗ ಬರುತ್ತದೆ. ನೀನು ದೇವರ ಮಗನಾಗಿದ್ದರೆ ದೇವಾಲಯದ ಶಿಖರದಿಂದ ಧುಮುಕಿ ತೋರಿಸು ಎಂದು ಸೈತಾನ ಕೆಣಕುತ್ತಾನೆ. ಯೆರೂಸಲೇಮಿನ ಜನ ಬಾಯಿಬಿಟ್ಟು ನೋಡಿ ಚಪ್ಪಾಳೆ ತಟ್ಟುವಂಥ ಪ್ರದರ್ಶನ ಅದು. ಅವರು ಒಲ್ಲೆ ಎನ್ನುತ್ತಾರೆ. ಮುಂದೆ ರೊಟ್ಟಿ ತಿಂದು ತಣಿದ ಜನ ಅವರನ್ನು ಬಲವಂತದಿಂದ ಅರಸನನ್ನಾಗಿ ಮಾಡಲು ಬಂದಾಗ, ಒಬ್ಬರೇ ಬೆಟ್ಟಕ್ಕೆ ಹೊರಟುಹೋಗುತ್ತಾರೆ. ಯೆರೂಸಲೇಮಿನಲ್ಲಿ ಜಯಘೋಷ ಕೂಗಿ ಸ್ವಾಗತಿಸಿದ ಮೇಲೆ ಒಂದು ವಾರ ತುಂಬುವುದರೊಳಗೆ, ಶಿಲುಬೆಗೆ ಹಾಕಿಸು ಎಂಬ ಕೂಗು ಅದೇ ಪಟ್ಟಣದಲ್ಲಿ ಎದ್ದಿತು. ಜನರ ಜಯಕಾರವನ್ನೇ ನಂಬಿದ್ದ ಮನುಷ್ಯನಾಗಿದ್ದರೆ ಆ ವಾರದಲ್ಲಿ ಮುರಿದುಬೀಳುತ್ತಿದ್ದ.

ಈಗ ಬೈಬಲಿನ ಇನ್ನೊಂದು ಪ್ರಸಂಗಕ್ಕೆ ಬರುತ್ತೇನೆ. ಮೆಚ್ಚುಗೆಯ ಹಸಿವು ನಮ್ಮ ನಿದ್ದೆಯನ್ನಷ್ಟೇ ಕೆಡಿಸುವುದಿಲ್ಲ, ಮತ್ತೊಬ್ಬರ ಮಾನವನ್ನೂ ಕಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದು ಬರುತ್ತದೆ. ಅಂತಿಯೋಕ್ಯ ಎಂಬ ಪಟ್ಟಣದಲ್ಲಿ ಯೆಹೂದ್ಯರು ಮತ್ತು ಯೆಹೂದ್ಯರಲ್ಲದವರು ಸೇರಿದ್ದ ಒಂದು ಸಭೆ ಇತ್ತು. ಯೇಸುವಿನ ಪ್ರಮುಖ ಶಿಷ್ಯ ಪೇತ್ರ ಅಲ್ಲಿಗೆ ಬಂದಾಗ ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಅಷ್ಟರಲ್ಲಿ ಯೆರೂಸಲೇಮಿನಿಂದ ಮಡಿವಂತ ಮಂದಿ ಬಂದರು. ಪೇತ್ರ ಮೆಲ್ಲಗೆ ಎದ್ದು ಬೇರೆ ಪಂಕ್ತಿಗೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಒಳ್ಳೆಯವನೆಂದು ಹೆಸರಾಗಿದ್ದ ಬಾರ್ನಬನೂ ಎದ್ದ. ಪೌಲ ಎಲ್ಲರೆದುರೇ ಪೇತ್ರನನ್ನು ತಡೆದು, ಇದು ಸರಿಯಲ್ಲ ಎಂದ.

ಪೇತ್ರನಿಗೆ ಆ ಜನರ ಮೇಲೆ ದ್ವೇಷವಿರಲಿಲ್ಲ. ನಿನ್ನೆಯವರೆಗೆ ಅವರ ಜೊತೆ ಉಂಡವನೇ ಅವನು. ಅವನನ್ನು ಎಬ್ಬಿಸಿದ್ದು ನೋಡುವ ಕಣ್ಣುಗಳ ಭಯ, ಅಷ್ಟೇ. ನಮ್ಮ ಹಳ್ಳಿಗಳನ್ನು ನೆನೆಯಿರಿ. ಹೊಲದ ಬದುವಿನ ಮೇಲೆ ಕೂಲಿಯವನ ಪಕ್ಕದಲ್ಲೇ ಕೂತು ಅವನ ಬುತ್ತಿಯ ಚಟ್ನಿಯನ್ನು ತನ್ನ ರೊಟ್ಟಿಗೆ ಹಾಕಿಸಿಕೊಂಡು ತಿನ್ನುವ ಯಜಮಾನ, ಊರೊಳಗೆ ಬಂದ ಮೇಲೆ ಅದೇ ಮನುಷ್ಯನನ್ನು ಜಗುಲಿಯ ಕೆಳಗೆ ನಿಲ್ಲಿಸಿಯೇ ಮಾತಾಡಿಸುತ್ತಾನೆ. ಹೊಲದಲ್ಲಿ ನೋಡುವವರಿರಲಿಲ್ಲ, ಊರಲ್ಲಿ ಇದ್ದಾರೆ. ಜಾತಿಯ ಕಟ್ಟು ಇಷ್ಟು ಕಾಲ ಬಾಳಿರುವುದು ಕೆಟ್ಟವರ ಕ್ರೌರ್ಯದಿಂದ ಮಾತ್ರವಲ್ಲ, ಒಳ್ಳೆಯವರ ಅಂಜಿಕೆಯಿಂದಲೂ. ನಮ್ಮ ಕ್ರೈಸ್ತರ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಗಂಡು ಹೆಣ್ಣು ನೋಡುವ ಹೊತ್ತಿಗೆ, "ಅವರು ಮೊದಲು ಯಾವ ಜನ?" ಎಂದು ದನಿ ತಗ್ಗಿಸಿ ಕೇಳುವವರು ನಮ್ಮಲ್ಲೂ ಇದ್ದಾರೆ. ಪೇತ್ರನಂತೆ ಪಂಕ್ತಿಯಿಂದ ಎದ್ದು ಹೋಗುವವರ ಸಾಲಿನಲ್ಲಿ ನಾವೂ ಇದ್ದೇವೆ.

ಈ ಭಯದಿಂದ ಬಿಡುಗಡೆ ಹೇಗೆ? ಇದಕ್ಕೆ ನಮ್ಮ ಊರಿನ ಚರಿತ್ರೆಗೆ ಸಂಬಂಧಪಟ್ಟ ಒಬ್ಬರ ಕಥೆ ಹೇಳಬೇಕು. 19ನೇ ಶತಮಾನದಲ್ಲಿ ಬೆಂಗಳೂರು, ಗುಬ್ಬಿ, ತುಮಕೂರು, ಮೈಸೂರುಗಳಲ್ಲಿ ನೆಲೆನಿಂತು ಚಿತ್ರದುರ್ಗದವರೆಗೂ ಬಂದದ್ದು ವೆಸ್ಲಿಯನ್ ಮಿಷನ್. ಆ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ನಾವು ಸಿಎಸ್‌ಐ ಎಂದು ಕರೆಯುವ ಸಭೆಯಲ್ಲಿ ಒಂದಾದವು. ಆ ಮಿಷನ್ನಿಗೆ ಹೆಸರು ಬಂದದ್ದು ಜಾನ್ ವೆಸ್ಲಿ ಅವರಿಂದ. 1703ರಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ತಾವೂ ಪಾದ್ರಿಯಾದವರು. ಉಪವಾಸ, ಪ್ರಾರ್ಥನೆ, ಜೈಲಿನ ಕೈದಿಗಳ ಭೇಟಿ, ಎಲ್ಲವೂ ಗಡಿಯಾರದ ಪ್ರಕಾರ. ಇಷ್ಟೆಲ್ಲ ಮಾಡಿಯೂ ದೇವರು ನನ್ನನ್ನು ಒಪ್ಪಿದ್ದಾನೆಯೇ ಎಂಬ ಅಳುಕು ಅವರನ್ನು ಬಿಡಲಿಲ್ಲ. ಜನರ ಮೆಚ್ಚುಗೆಗೆ ಹಾತೊರೆಯುವವನಿಗೆ ಇರುವ ಸಂಕಟವೇ ಅವರಿಗೆ ದೇವರ ವಿಷಯದಲ್ಲಿ ಇತ್ತು.

1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ನಡುಗಡಲಿನಲ್ಲಿ ಬಿರುಗಾಳಿ ಎದ್ದು ದೊಡ್ಡ ಹಾಯಿ ಹರಿದುಹೋಯಿತು. ಇಂಗ್ಲಿಷರು ಕಿರುಚಾಡಿದರು. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ಪಂಥದವರು, ಹೆಂಗಸರು ಮಕ್ಕಳು ಸೇರಿ, ಶುರು ಮಾಡಿದ ಕೀರ್ತನೆಯನ್ನು ನಿಲ್ಲಿಸದೆ ಹಾಡಿ ಮುಗಿಸಿದರು. ವೆಸ್ಲಿ ಅದನ್ನು ಮರೆಯಲಿಲ್ಲ. ಜಾರ್ಜಿಯಾದ ಕೆಲಸ ಕೈಗೂಡದೆ 1738ರಲ್ಲಿ ಸೋತು ಹಿಂತಿರುಗಿದರು. ಆ ವರ್ಷದ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದರು. ರೋಮಾಪುರದವರಿಗೆ ಪೌಲ ಬರೆದ ಪತ್ರಕ್ಕೆ ಮಾರ್ಟಿನ್ ಲೂಥರ್ ಬರೆದಿದ್ದ ಮುನ್ನುಡಿಯನ್ನು ಯಾರೋ ಅಲ್ಲಿ ಓದುತ್ತಿದ್ದರು. ಕೇಳುತ್ತ ಕೂತಿದ್ದಾಗ, ತನ್ನ ಸಾಧನೆಯಿಂದಲ್ಲ, ಕ್ರಿಸ್ತನ ಕೃಪೆಯಿಂದಲೇ ತನ್ನನ್ನು ದೇವರು ಒಪ್ಪಿದ್ದಾನೆ ಎಂಬ ಭರವಸೆ ಅವರಲ್ಲಿ ಮೂಡಿತು.

ಆಮೇಲೆ ಏನಾಯಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಅವರ ಬೋಧನೆ ಹಿಡಿಸದೆ ಒಂದೊಂದೇ ಚರ್ಚಿನ ಬಾಗಿಲು ಮುಚ್ಚಿತು. 1739ರಲ್ಲಿ ಬ್ರಿಸ್ಟಲ್ ಬಳಿ ಬಯಲಿಗಿಳಿದು ಮಾತಾಡಲು ಶುರು ಮಾಡಿದರು. ಆಕ್ಸ್‌ಫರ್ಡಿನ ಪಂಡಿತನೊಬ್ಬ ಬಯಲಲ್ಲಿ ನಿಂತು ಕೂಗುವುದು ಆ ಕಾಲಕ್ಕೆ ಮರ್ಯಾದೆಗೇಡು. ವೆಸ್ಲಿಯವರಿಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿ ಕೆಲಸಗಾರರು, ಚರ್ಚಿನ ಮೆಟ್ಟಿಲು ಹತ್ತದವರು, ಕೇಳಲು ಬಂದರು. 1742ರಲ್ಲಿ ಹುಟ್ಟೂರಾದ ಎಪ್‌ವರ್ತಿಗೆ ಹೋದಾಗ, ತಂದೆ ಪಾದ್ರಿಯಾಗಿದ್ದ ಚರ್ಚಿನಲ್ಲೇ ಮಾತಾಡಲು ಬಿಡಲಿಲ್ಲ. ಅಂಗಳದಲ್ಲಿದ್ದ ತಂದೆಯ ಸಮಾಧಿಯ ಕಲ್ಲಿನ ಮೇಲೆ ನಿಂತು ಮಾತಾಡಿದರು. ಹುಟ್ಟೂರಿನ ನಾಲ್ಕು ಜನ ಏನಂದುಕೊಂಡರೋ ಏನೋ, ಕೆಲಸ ನಿಲ್ಲಲಿಲ್ಲ. ವೆಸ್ಲಿಯವರಿಗೂ ಆಮೇಲೆ ಸಂಶಯದ ದಿನಗಳು ಬಂದವು. ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ ಅದನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಭರವಸೆ ಅಂದರೆ ಅಳುಕೇ ಇಲ್ಲದ ಸ್ಥಿತಿಯಲ್ಲ. ಅಳುಕಿದ್ದಾಗಲೂ ಎಲ್ಲಿ ನಿಲ್ಲಬೇಕೆಂದು ತಿಳಿದಿರುವುದು.

ದೂರದ ಇಂಗ್ಲೆಂಡಿನ ಮಾತಾಯಿತು, ಕನ್ನಡದ ಮಣ್ಣಿಗೆ ಬರೋಣ. ನಮ್ಮ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನ ಪಾದ್ರಿ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ಎರಡು ದಶಕಗಳ ದುಡಿಮೆ. ಆದರೆ ಆ ಕನ್ನಡ ಸಾಲದೆಂದು ಮುಂದಿನ ತಲೆಮಾರಿನವರು ಕೂತು ತಿದ್ದಿದರು, ಅವರ ನಂತರದವರು ಮತ್ತೆ ತಿದ್ದಿದರು. ಮೆಚ್ಚುಗೆಯನ್ನೇ ಕೂಲಿ ಎಂದು ತಿಳಿದವನು ಇಂಥ ಕೆಲಸಕ್ಕೆ ಇಳಿಯಲಾರ. ತಿದ್ದಿಸಿಕೊಳ್ಳಲು ಸಿದ್ಧನಾದವನು ಮಾತ್ರ ಇಪ್ಪತ್ತು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂರಬಲ್ಲ.

ಇನ್ನು ನಮ್ಮವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ಅಲೆದು, ಓಲೆಗರಿಗಳಲ್ಲಿ ಮತ್ತು ಜನರ ಬಾಯಲ್ಲಿ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಆಯ್ದು ಜೋಡಿಸಿ 1924ರಲ್ಲಿ ಪುಸ್ತಕ ಮಾಡಿದವರು ಅವರು. ಅನುಭವ ಮಂಟಪ ಬರೀ ಕಲ್ಪನೆ ಎಂದು ಕೆಲವರು ವಾದಿಸಿದಾಗ, ಅದು ನಿಜವಾಗಿ ಇತ್ತೆಂದು ಆಧಾರ ಕೊಟ್ಟು 'ಅನುಭವ ಮಂಟಪದ ಐತಿಹಾಸಿಕತೆ' ಬರೆದದ್ದೂ ಇವರೇ. ಅವರ ಪಾಡನ್ನು ಊಹಿಸಿಕೊಳ್ಳಿ. ಪಾದ್ರಿಗೆ ವಚನಗಳ ಗೊಡವೆ ಏಕೆ ಎನ್ನಲು ಒಂದು ಕಡೆಯವರಿಗೆ ಅವಕಾಶ. ಎಷ್ಟಾದರೂ ಇವರು ಪಾದ್ರಿಯಲ್ಲವೇ ಎನ್ನಲು ಇನ್ನೊಂದು ಕಡೆಯವರಿಗೆ ಅವಕಾಶ. ಯಾವುದಾದರೂ ಒಂದು ಪಂಗಡದ ಶಹಭಾಸ್‌ಗಿರಿ ಸಾಕು ಎಂದುಕೊಂಡಿದ್ದರೆ ಅರ್ಧ ಕೆಲಸ ಬಿಟ್ಟು ಹಾಯಾಗಿರಬಹುದಿತ್ತು. ಅವರು ಕ್ರಿಸ್ತನನ್ನೂ ಬಿಡಲಿಲ್ಲ, ಶರಣರನ್ನೂ ಬಿಡಲಿಲ್ಲ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಕರೆಯಿತು. ಆಗ ಅವರಿಗೆ ಸುಮಾರು ಅರವತ್ತೆಂಟು ವರ್ಷ. ಆ ಗೌರವ ಬರುವ ಹೊತ್ತಿಗೆ ಸರ್ವಜ್ಞನ ಪುಸ್ತಕ ಬಂದು ಕಾಲು ಶತಮಾನವಾಗಿತ್ತು. ತಮ್ಮನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದುಕೊಂಡವರು ಅವರು. ನಮ್ಮ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಜೋಳಿಗೆ ಹಿಡಿದು ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರೂ 'ತಿರುಕ' ಎಂದೇ ಬರೆಯುತ್ತಿದ್ದರು. ಒಬ್ಬರು ಪಾದ್ರಿ, ಒಬ್ಬರು ಯೋಗಗುರು. ಇಬ್ಬರೂ ದೊಡ್ಡ ಹೆಸರಿನ ಹಂಗಿಲ್ಲದೆ ದೊಡ್ಡ ಕೆಲಸ ಮಾಡಿದರು.

ಹೊಗಳಿಕೆಗೆ ಕಾಯದೆ ಕೆಲಸ ಮಾಡುವುದು ಎಂದರೇನೆಂದು ಹಿರಿಯೂರಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. 1907ರಲ್ಲಿ ಕಟ್ಟಿ ಮುಗಿದ ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಜಲಾಶಯವಿರುವ ಮಾರಿಕಣಿವೆಯ ರಸ್ತೆ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲು. ನಡುವಿನ 89 ವರ್ಷಗಳಲ್ಲಿ ಯಾರೂ ಫೋಟೊ ತೆಗೆಯಲು ಬರದಿದ್ದಾಗಲೂ ಆ ಕೆರೆ ಹಿರಿಯೂರಿನ ಗದ್ದೆ ತೋಟಗಳಿಗೆ ತನ್ನಲ್ಲಿದ್ದ ನೀರು ಕೊಟ್ಟಿತು.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಲೇಬೇಕು. ಮೊದಲನೆಯದು, ದೇವರ ಮನೆಯೂ ಮೆಚ್ಚುಗೆಯ ಸಂತೆಯಾಗಬಹುದು. ಭಾನುವಾರದ ಆರಾಧನೆಯಲ್ಲಿ ಯಾರ ಪ್ರಾರ್ಥನೆ ಉದ್ದ, ಯಾರ ಸಾಕ್ಷಿ ಜೋರು, ಕಾಣಿಕೆ ಕೊಟ್ಟವರ ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಎಂಬ ಲೆಕ್ಕ ನಡೆಯುತ್ತದೆ. ಕ್ರಿಸ್‌ಮಸ್ ಕೇಕು ಯಾರ ಮನೆಗೆ ಮೊದಲು ಹೋಯಿತು ಎಂಬುದಕ್ಕೂ ಮನಸ್ತಾಪ ಹುಟ್ಟುತ್ತದೆ. ಶ್ರೀಮಂತ ಹಿರಿಯರೊಬ್ಬರ ಹುಬ್ಬು ಗಂಟಿಕ್ಕೀತೆಂದು ಪ್ರಸಂಗದ ಒಂದು ವಾಕ್ಯವನ್ನು ನುಂಗಿಕೊಳ್ಳುವ ಸಭಾಪಾಲಕರೂ ಇರುತ್ತಾರೆ. ಕೂಡುರಸ್ತೆಗಳಲ್ಲಿ ನಿಂತು ಜನ ನೋಡಲೆಂದು ಪ್ರಾರ್ಥಿಸುವವರ ಬಗ್ಗೆ ಯೇಸುಸ್ವಾಮಿ ಹೇಳಿದ್ದು ನಮ್ಮಂಥ ಭಕ್ತರಿಗೇ ಹೊರತು ನಾಸ್ತಿಕರಿಗಲ್ಲ.

ಎರಡನೆಯದು, "ನನಗೆ ದೇವರೊಬ್ಬನ ಒಪ್ಪಿಗೆ ಸಾಕು" ಎಂಬ ಮಾತು ಮೊಂಡುತನಕ್ಕೆ ಗುರಾಣಿಯಾಗಬಾರದು. ಹೆಂಡತಿ ಹೇಳಿದ ಬುದ್ಧಿಮಾತನ್ನೂ ಮಕ್ಕಳ ನೋವನ್ನೂ ಕೇಳಿಸಿಕೊಳ್ಳದೆ, ದೇವರಿಗೆ ನನ್ನ ಮನಸ್ಸು ಗೊತ್ತು ಎಂದು ಎದ್ದುಹೋಗುವುದು ವಿಶ್ವಾಸವಲ್ಲ. ನಿಜವಾಗಿ ಭದ್ರವಾಗಿರುವವನು ಟೀಕೆಯನ್ನು ಹೆಚ್ಚು ಸಮಾಧಾನದಿಂದ ಕೇಳುತ್ತಾನೆ, ಏಕೆಂದರೆ ಅದರಿಂದ ಅವನ ಬುಡ ಅಲ್ಲಾಡುವುದಿಲ್ಲ. ಅಂತಿಯೋಕ್ಯದಲ್ಲಿ ಎಲ್ಲರೆದುರು ಮಾತು ಕೇಳಿದ ಪೇತ್ರನ ಹೆಸರಿನಲ್ಲಿರುವ ಪತ್ರವೊಂದು ಬೈಬಲಿನಲ್ಲಿದೆ. ಅದರಲ್ಲಿ ಪೌಲನನ್ನು ಪ್ರಿಯ ಸಹೋದರ ಎಂದೇ ಕರೆಯಲಾಗಿದೆ. ಭದ್ರತೆ ಇದ್ದಲ್ಲಿ ಮುನಿಸು ಉಳಿಯುವುದಿಲ್ಲ.

ಹಾಗಾದರೆ ನಮ್ಮ ಭದ್ರತೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಯಾರೂ ನೋಡದಿರುವಾಗ ನಾನು ಮಾಡುವ ಒಳ್ಳೆಯ ಕೆಲಸ ಏನಾದರೂ ಇದೆಯೇ? ಇನ್ನೊಬ್ಬರನ್ನು ಹೊಗಳಿದಾಗ ನನ್ನ ಮುಖ ಬಾಡುತ್ತದೆಯೇ? ಎಲ್ಲರೂ ಎದ್ದುಹೋದ ಪಂಕ್ತಿಯಲ್ಲಿ ಕೂತಿರುವ ಧೈರ್ಯ ನನಗಿದೆಯೇ? ಈ ಪ್ರಶ್ನೆಗಳಿಗೆ ರಾತ್ರಿ ಮಲಗುವ ಮುಂಚೆ ತನಗೆ ತಾನೇ ಉತ್ತರ ಹೇಳಿಕೊಂಡರೆ ಸಾಕು, ಬೇರೆಯವರಿಗೆ ವರದಿ ಒಪ್ಪಿಸಬೇಕಿಲ್ಲ.

ಕೊನೆಯದಾಗಿ ತಂದೆತಾಯಿಗಳಲ್ಲಿ ಒಂದು ವಿನಂತಿ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ನಮ್ಮ ಮಕ್ಕಳು ಹೆದರುವುದು ಅಂಕಗಳಿಗಲ್ಲ, ಅಂಕ ಕೇಳಿದ ಮೇಲೆ ನಮ್ಮ ಮುಖ ಹೇಗಾಗುತ್ತದೋ ಎಂಬುದಕ್ಕೆ. ಹೇಳಬೇಕಾದ ಮಾತನ್ನು ಫಲಿತಾಂಶ ಬಂದ ಮೇಲೆ ಹೇಳಿದರೆ ಅದು ಬಹುಮಾನವಾಗುತ್ತದೆ, ಇಲ್ಲವೇ ಸಮಾಧಾನವಾಗುತ್ತದೆ. ಹಿಂದಿನ ರಾತ್ರಿಯೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಾಳೆ ಏನೇ ಬರಲಿ ಕಣಪ್ಪ, ನೀನು ನಮ್ಮವನು, ನಿನ್ನನ್ನು ಕಂಡರೆ ನಮಗೆ ಸಂತೋಷ" ಎಂದು ಹೇಳಿಬಿಡಿ. ನೀವು ಚರ್ಚಿಗೆ ಹೋಗುವವರಿರಲಿ, ಮಠಕ್ಕೆ ಹೋಗುವವರಿರಲಿ, ಮಸೀದಿಗೆ ಹೋಗುವವರಿರಲಿ, ಆ ಮಾತನ್ನು ಅಂಕಪಟ್ಟಿಗಿಂತ ಮೊದಲೇ ಹೇಳಿ.